ಮೀಸಲು ಟೆಂಡರಿಗೆ ನಿಮ್ಮ ಹೆಸರು ಕೇಳಿಕೊಂಡು ಬರುವವರ ಬಗ್ಗೆ ಎಚ್ಚರ

ಬಳ್ಳಾರಿ ಜಿಲ್ಲೆಯಲ್ಲಿ ಗುತ್ತಿಗೆದಾರರ ಪರವಾನಗಿ ಪಡೆದಿರುವ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಯುವಕರೂ ಅವರ ಮನೆಯವರೂ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತಮ್ಮನ ಹೆಸರಿನಲ್ಲಿ ಬೇರೊಬ್ಬರು ಮೀಸಲು ಕಾಮಗಾರಿಯೊಂದನ್ನು ಹಿಡಿದು, ಮಾಡಿ, ಹಣ ತೆಗೆದುಕೊಂಡು ಹೋದರು. ತಾನು ಕಾಣದ ಹಣಕ್ಕೆ ತೆರಿಗೆ ಕಟ್ಟುವ ಮತ್ತು ತಾನು ಹಾಕದ ರಸ್ತೆಯನ್ನು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡುವ ಹೊಣೆ ಈಗ ಅವನ ತಲೆಯ ಮೇಲಿದೆ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದ್ದು. ಅದಕ್ಕೆ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಶೇ. 17.15ರಷ್ಟನ್ನು ಪರಿಶಿಷ್ಟ ಜಾತಿಯ ಮತ್ತು ಶೇ. 6.95ರಷ್ಟನ್ನು ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಿಡಲಾಯಿತು. ಬಳಿಕ ಆ ಮೊತ್ತದ ಮಿತಿಯನ್ನು ಏರಿಸಲಾಯಿತು. ನಮ್ಮಂಥ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ತಲೆಮಾರುಗಳಿಂದ ಬೇರೆಯವರ ಕಾಮಗಾರಿಯಲ್ಲಿ ಕಲ್ಲು, ಮಣ್ಣು ಹೊತ್ತವರ ಮಕ್ಕಳು ಅದೇ ಕಾಮಗಾರಿಯ ಗುತ್ತಿಗೆದಾರರಾಗಲು ಈ ಕಾನೂನು ಬಾಗಿಲು ತೆರೆಯಿತು. ಆದರೆ ಪರವಾನಗಿ ಸಿಕ್ಕ ಮಾತ್ರಕ್ಕೆ ಬಂಡವಾಳ ಸಿಗುವುದಿಲ್ಲ. ಇಎಂಡಿ, ಅಂದರೆ ಟೆಂಡರಿನ ಜೊತೆ ಇಡುವ ಠೇವಣಿ ಕಟ್ಟಬೇಕು, ಸಿಮೆಂಟು ಮತ್ತು ಕಬ್ಬಿಣಕ್ಕೆ ಮುಂಗಡ ಕೊಡಬೇಕು, ಬಿಲ್ಲು ಬರುವವರೆಗೆ ಕೂಲಿಯವರ ವಾರದ ಬಟವಾಡೆ ನಿಲ್ಲಿಸುವಂತಿಲ್ಲ. ಹೆಸರು ಕೇಳಿಕೊಂಡು ಬರುವವರು ಈ ಕೊರತೆಯನ್ನು ಚೆನ್ನಾಗಿ ಬಲ್ಲರು.

ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರ ಸಿ.ಸಿ. ರಸ್ತೆ ಮತ್ತು ಚರಂಡಿಯ ಟೆಂಡರ್ ಪ್ರಕಟವಾದಾಗ, ದೊಡ್ಡ ದರ್ಜೆಯ ಪರವಾನಗಿ ಇರುವ ಒಬ್ಬ ಹಳೆಯ ಗುತ್ತಿಗೆದಾರರು ಮನೆಗೇ ಬಂದರು. "ನೀ ಸಹಿ ಒಂದ್ ಮಾಡು ತಮ್ಮಾ, ಉಳಿದದ್ದೆಲ್ಲಾ ನಾ ನೋಡ್ಕಂತೀನಿ" ಎಂದರು. ಇಎಂಡಿ, ಸಾಮಗ್ರಿ, ಯಂತ್ರ ಎಲ್ಲವೂ ಅವರದು. ಬಿಲ್ಲಿನಲ್ಲಿ ನೂರಕ್ಕೆ ಮೂರು ರೂಪಾಯಿ ತಮ್ಮನದು. ಬದಲಿಗೆ ಅವರು ಡಿಜಿಟಲ್ ಸಹಿಯ ಟೋಕನ್ನು (ಕಂಪ್ಯೂಟರಿನಲ್ಲಿ ಸಹಿ ಹಾಕಲು ಬೇಕಾದ ಪೆನ್ ಡ್ರೈವಿನಂಥ ಸಾಧನ) ಮತ್ತು ಅದರ ಪಾಸ್‌ವರ್ಡ್, ಸಹಿ ಮಾಡಿದ ಖಾಲಿ ಚೆಕ್ಕುಗಳು, ತಮ್ಮನ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಒಂದು ಮುಖ್ತಿಯಾರ್ ಪತ್ರ ಇಷ್ಟನ್ನು ಪಡೆದರು. ಹೊಸದಾಗಿ ತೆರೆದ ಬ್ಯಾಂಕ್ ಖಾತೆಗೆ ಅವರ ಕಡೆಯವರ ಮೊಬೈಲ್ ಸಂಖ್ಯೆಯನ್ನೇ ಜೋಡಿಸಲಾಯಿತು. ಹೀಗಾಗಿ ಹಣ ಬಂದದ್ದಾಗಲಿ ಹೋದದ್ದಾಗಲಿ ತಮ್ಮನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಆ ಭಾಗದ್ದು ಎರೆ ಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ನೆಲದಲ್ಲಿ ಮೇಲ್ಮಣ್ಣು ತೆಗೆದು, ಗರಸು ತುಂಬಿ, ರೋಲರ್ ಹೊಡೆಸಿ ತಳ ಗಟ್ಟಿ ಮಾಡದೆ ಕಾಂಕ್ರೀಟು ಹಾಕಿದರೆ ಅದು ನಿಲ್ಲುವುದಿಲ್ಲ ಎಂಬುದು ಇಲ್ಲಿನ ಗಾರೆ ಕೆಲಸದವರಿಗೂ ಗೊತ್ತು. ಅಂದಾಜುಪಟ್ಟಿಯಲ್ಲಿ ಗರಸು ಇತ್ತು, ಮಾಡಿದ ಕೆಲಸದ ಲೆಕ್ಕ ಬರೆಯುವ ಅಳತೆ ಪುಸ್ತಕದಲ್ಲಿಯೂ ಇತ್ತು. ರಸ್ತೆಯ ಕೆಳಗೆ ಮಾತ್ರ ಇರಲಿಲ್ಲ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಉದ್ದಕ್ಕೂ ಸೀಳಿತು. ಕಾಮಗಾರಿ ಮುಗಿದ ಬಳಿಕವೂ ಒಪ್ಪಂದದಲ್ಲಿ ಹೇಳಿದ ಅವಧಿಯವರೆಗೆ ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರನದೇ ಆದ್ದರಿಂದ, ಸರಿಪಡಿಸದಿದ್ದರೆ ಕಪ್ಪುಪಟ್ಟಿಗೆ ಸೇರಿಸಲಾಗುವುದೆಂಬ ನೋಟಿಸು ತಮ್ಮನ ಹೆಸರಿಗೇ ಬಂದಿತು. ಆ ಹಳೆಯ ಗುತ್ತಿಗೆದಾರರು ಫೋನ್ ಎತ್ತುವುದನ್ನು ನಿಲ್ಲಿಸಿದರು.

ಇದಕ್ಕಿಂತ ಭಾರವಾಗಿ ಬಿದ್ದದ್ದು ಜಿಎಸ್‌ಟಿ, ಮತ್ತು ಹೆಸರು ಕೊಡುವವರಲ್ಲಿ ಹೆಚ್ಚಿನವರು ಗಮನಿಸದೇ ಇರುವುದೂ ಇದನ್ನೇ. ಸರ್ಕಾರಿ ಕಾಮಗಾರಿಗಳ ಮೇಲಿನ ತೆರಿಗೆ 2022ರ ಜುಲೈ 18ರಿಂದ ಶೇ. 12ರ ಬದಲು ಶೇ. 18 ಆಗಿದೆ. ತೆರಿಗೆ ಬಿಟ್ಟು 36 ಲಕ್ಷ ರೂಪಾಯಿಯ ಈ ಕಾಮಗಾರಿಗೆ ತೆರಿಗೆಯೇ 6.48 ಲಕ್ಷವಾಗುತ್ತದೆ. ಸ್ವಂತವಾಗಿ ಕೆಲಸ ಮಾಡುವವನು ಸಿಮೆಂಟು, ಕಬ್ಬಿಣ, ಜಲ್ಲಿ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಡಿತ ಮಾಡಿಕೊಳ್ಳಬಹುದು. ಆದರೆ ಇಲ್ಲಿ ಸಾಮಗ್ರಿಯನ್ನೆಲ್ಲ ಆ ದೊಡ್ಡ ಗುತ್ತಿಗೆದಾರರು ತಮ್ಮದೇ ಜಿಎಸ್‌ಟಿ ಸಂಖ್ಯೆಯಲ್ಲಿ ಕೊಂಡಿದ್ದರಿಂದ ಆ ಲಾಭ ಅವರಿಗೆ ಹೋಯಿತು. ಬಿಲ್ಲಿನಲ್ಲಿ ಮೊದಲೇ ಹಿಡಿದ ಶೇ. 2ರ ಟಿಡಿಎಸ್, ಅಂದರೆ 72 ಸಾವಿರ ಕಳೆದರೂ 5.76 ಲಕ್ಷ ತಮ್ಮನ ಮೇಲೆಯೇ ಉಳಿಯಿತು. ತಡವಾದಷ್ಟೂ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ಈ ಬಿಲ್ಲಿಗೆ ನೂರಕ್ಕೆ ಮೂರರಂತೆ ಅವನಿಗೆ ದಕ್ಕಬೇಕಿದ್ದದ್ದು 1.08 ಲಕ್ಷ, ಅದೂ ಪೂರ್ತಿ ಕೈಸೇರಲಿಲ್ಲ.

ದೂರು ಕೊಟ್ಟು ಸತ್ಯ ಹೇಳಬಾರದೇ ಎಂದು ಬಂಧುಗಳು ಕೇಳುತ್ತಾರೆ. ಒಪ್ಪಿಗೆಯಿಲ್ಲದೆ ಕೆಲಸವನ್ನು ಬೇರೆಯವರಿಗೆ ವಹಿಸಬಾರದೆಂಬುದು ಒಪ್ಪಂದದ ಷರತ್ತು. "ಕೆಲಸ ಮಾಡಿದವನು ನಾನಲ್ಲ" ಎಂದು ತಮ್ಮ ಬರೆದುಕೊಟ್ಟರೆ ಷರತ್ತು ಮುರಿದವನು ಅವನೇ ಆಗುತ್ತಾನೆ. ಬರೆದುಕೊಡದಿದ್ದರೆ ಸೀಳಿದ ರಸ್ತೆಯೂ ತೆರಿಗೆಯೂ ಅವನವೇ ಆಗಿ ಉಳಿಯುತ್ತವೆ. ಈ ವ್ಯವಹಾರವನ್ನು ಹೆಣೆದಿರುವುದೇ ಹೀಗೆ, ಬಡವನ ಬಾಯಿ ಅವನದೇ ಸಹಿಯಿಂದ ಕಟ್ಟಿಹೋಗುವಂತೆ. ದಲಿತರ ಹೆಸರಿನಲ್ಲಿ ಬಂದ ಕಾಮಗಾರಿಯ ಲಾಭ ಬೇರೆಯವರಿಗೆ, ಅಪವಾದ ಮಾತ್ರ ದಲಿತನಿಗೆ ಎನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. "ಇವರಿಗೆ ಕೆಲಸ ಕೊಟ್ಟರೆ ಹೀಗೇ" ಎಂದು ಆ ಹಳ್ಳಿಯಲ್ಲಿ ಆಡಿಕೊಂಡವರಿಗೆ ನಿಜ ತಿಳಿಸುವವರು ಯಾರು?

ಈಗಾಗಲೇ ಟೋಕನ್ನು ಬೇರೆಯವರ ಕೈಯಲ್ಲಿದ್ದರೆ ಇಂದೇ ಎಚ್ಚೆತ್ತುಕೊಳ್ಳಿ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 42ನೇ ಕಲಮಿನ ಪ್ರಕಾರ, ಡಿಜಿಟಲ್ ಸಹಿಯ ಕೀಲಿ ಕೈತಪ್ಪಿದೆಯೆಂದು ಅದನ್ನು ನೀಡಿದ ಪ್ರಾಧಿಕಾರಕ್ಕೆ ತಿಳಿಸುವವರೆಗೆ ಹೊಣೆ ಸಹಿದಾರನದೇ. ಆದ್ದರಿಂದ ಮೊದಲು ಆ ಪ್ರಮಾಣಪತ್ರವನ್ನು ರದ್ದು ಮಾಡಿಸಿ. ಬ್ಯಾಂಕಿಗೆ ಹೋಗಿ ಮೊಬೈಲ್ ಸಂಖ್ಯೆ ಬದಲಿಸಿ, ಉಳಿದ ಚೆಕ್ಕುಗಳಿಗೆ ತಡೆ ಕೊಡಿ. ಮುಖ್ತಿಯಾರ್ ಪತ್ರವನ್ನು ಲಿಖಿತವಾಗಿ ಹಿಂಪಡೆದು ಅದರ ಪ್ರತಿಯನ್ನು ಕಾಮಗಾರಿ ಕೊಟ್ಟ ಕಚೇರಿಗೂ ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಹೆಸರಿನಲ್ಲಿ ಯಾವ ಬಿಲ್ಲುಗಳಾಗಿವೆ ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅಳತೆ ಪುಸ್ತಕದ ಪ್ರತಿಯೊಂದಿಗೆ ಪಡೆಯಬಹುದು. ನೋಟಿಸಿಗೆ ಉತ್ತರಿಸುವ ಮೊದಲು ವಕೀಲರನ್ನು ಕಾಣಿರಿ.

ಬಂಡವಾಳ ಕಡಿಮೆ ಇರುವವರಿಗೆ ಸಣ್ಣ ಮೊತ್ತದ ಕೆಲಸವೇ ಮೇಲು ಎಂದು ನನ್ನ ಅಭಿಪ್ರಾಯ. ಸ್ವಂತ ಉತ್ಪಾದನಾ ಘಟಕವಿದ್ದರೆ ಇನ್ನೊಂದು ದಾರಿಯೂ ಇದೆ. ಸಂಡೂರು ತಾಲ್ಲೂಕಿನ ದೋಣಿಮಲೈಯಲ್ಲಿ ಗಣಿ ನಡೆಸುವ ಎನ್‌ಎಂಡಿಸಿಯಂಥ ಕೇಂದ್ರ ಸರ್ಕಾರಿ ಉದ್ಯಮಗಳಿಗೆ 2012ರ ಖರೀದಿ ನೀತಿ ಅನ್ವಯಿಸುತ್ತದೆ. ಅದರಂತೆ ಅವು ವರ್ಷದ ಖರೀದಿಯಲ್ಲಿ ಶೇ. 25ನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ, ಅದರೊಳಗೆ ಶೇ. 4ನ್ನು ಪರಿಶಿಷ್ಟರ ಉದ್ಯಮಗಳಿಂದ ಮಾಡಬೇಕು, ಮತ್ತು ಇಂಥ ಉದ್ಯಮಗಳಿಗೆ ಇಎಂಡಿಯಿಂದ ವಿನಾಯಿತಿ ಇದೆ. ಇದಕ್ಕೆ ಬೇಕಾದ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದನ್ನು ಮಾಡಿಸಿಕೊಡುತ್ತೇವೆಂದು ಹಣ ಕೇಳುವವರಿಗೆ ಆಧಾರ್ ಸಂಖ್ಯೆಯನ್ನಾಗಲಿ ಮೊಬೈಲಿಗೆ ಬರುವ ಓಟಿಪಿಯನ್ನಾಗಲಿ ಕೊಡದೆ, ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೀವೇ ಹೋಗಿ ವಿಚಾರಿಸಿರಿ.