ಮಾಡೆಲ್‌ಕನ್ವರ್ಟರ್‌ಎಕ್ಸ್: ಹಳೇ ವಿಮಾನಕ್ಕೆ ಹೊಸ ಸಿಮ್, ಅನುಮತಿಯ ಲೆಕ್ಕ ಬೇರೆ

ಮೈಕ್ರೋಸಾಫ್ಟ್‌ನ ಹಳೇ ಹಾರಾಟದ ಸಿಮ್ಯುಲೇಟರುಗಳಾದ (ಸಿಮ್) ಎಫ್‌ಎಸ್ 2004 ಅಥವಾ 2006ರ ಎಫ್‌ಎಸ್‌ಎಕ್ಸ್‌ಗೆಂದು ಮಾಡಿದ ವಿಮಾನವನ್ನು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ ತರಲು ಹೊರಟವರು ಸಾಮಾನ್ಯವಾಗಿ ಮೊದಲು ಇಳಿಸಿಕೊಳ್ಳುವುದು ಮಾಡೆಲ್‌ಕನ್ವರ್ಟರ್‌ಎಕ್ಸ್ ಎಂಬ ಈ ಉಚಿತ ಟೂಲನ್ನೇ. ವಿಮಾನದ 3ಡಿ ಆಕಾರವಿರುವ ಹಳೇ ಎಂಡಿಎಲ್ ಫೈಲನ್ನು ತೆರೆದು ತೋರಿಸುತ್ತದೆ, ಮೆಟೀರಿಯಲ್ (ಮೇಲ್ಮೈಯ ಗುಣ) ತಿದ್ದಲು ಬಿಡುತ್ತದೆ, ಹೊಸ ಸಿಮ್ ಓದುವ ಜಿಎಲ್‌ಟಿಎಫ್ ಫೈಲಾಗಿ ಬರೆದುಕೊಡುತ್ತದೆ. ಆ ಮಟ್ಟಿಗೆ ಇದಕ್ಕೆ ಸಾಟಿ ಕಡಿಮೆ. ಆದರೆ ಎಕ್ಸ್‌ಪೋರ್ಟ್ ಒತ್ತುವಾಗ ಆ ವಿಮಾನ ಯಾರದ್ದು ಎಂಬುದು ಟೂಲಿಗೆ ಗೊತ್ತಿರುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು, ಅದೂ ಕೆಲಸ ಶುರುಮಾಡುವ ಮೊದಲು.

ಮೊದಲು ತಾಂತ್ರಿಕ ತಲೆನೋವು. ಹಳೇ ವಿಮಾನಗಳ ಡಿಫ್ಯೂಸ್ ಟೆಕ್ಸ್‌ಚರಿನ (ಮೈಬಣ್ಣದ ಚಿತ್ರ) ಆಲ್ಫಾ ಚಾನೆಲ್‌ನಲ್ಲಿ (ಕೆಂಪು, ಹಸಿರು, ನೀಲಿಯ ಜೊತೆಗಿನ ನಾಲ್ಕನೇ ಪದರ) ಹೆಚ್ಚಾಗಿ ಇರುವುದು ಪಾರದರ್ಶಕತೆಯಲ್ಲ, ಹೊಳಪಿನ ಪ್ರಮಾಣ. ಹೊಸ ಸಿಮ್ ಅದನ್ನು ಪಾರದರ್ಶಕತೆ ಎಂದೇ ಓದಿದರೆ ವಿಮಾನದ ಮೈ ಗಾಜಿನಂತಾಗಿ, ಹೊರಗಿನಿಂದಲೇ ಒಳಗಿನ ಸೀಟು ಕಾಣುತ್ತದೆ. ಮೆಟೀರಿಯಲ್ ಎಡಿಟರ್‌ನಲ್ಲಿ ಕಿಟಕಿ ಮತ್ತು ಪ್ರೊಪೆಲ್ಲರ್ ಡಿಸ್ಕ್ ಬಿಟ್ಟು ಉಳಿದೆಲ್ಲವನ್ನೂ ಅಪಾರದರ್ಶಕ ಮಾಡಿದರೆ ಸರಿಹೋಗುತ್ತದೆ. ಹೊಳಪಿಗೆ ಬೇರೆಯೇ ಕಾಂಪೋಸಿಟ್ ಟೆಕ್ಸ್‌ಚರ್ ಬೇಕು: ಕೆಂಪಿನಲ್ಲಿ ಅಕ್ಲೂಷನ್ (ಸಂದಿಯ ನೆರಳು), ಹಸಿರಿನಲ್ಲಿ ರಫ್‌ನೆಸ್ (ಒರಟುತನ), ನೀಲಿಯಲ್ಲಿ ಮೆಟಾಲಿಕ್ (ಲೋಹದ ಗುಣ). ಇದನ್ನು ಟೂಲ್ ಊಹಿಸಿ ಕೊಡುವುದಿಲ್ಲ, ಕೂತು ಮಾಡಬೇಕು. ಇನ್ನು ಗೇಜುಗಳು (ಕಾಕ್‌ಪಿಟ್‌ನ ಮಾಪಕಗಳು): ಎಕ್ಸ್‌ಎಂಎಲ್‌ನಲ್ಲಿ ಬರೆದವು ಬದುಕಿಕೊಳ್ಳಬಹುದು, ಕಂಪೈಲ್ ಆದ ಗೌ (.gau) ಫೈಲುಗಳ ಆಸೆ ಬಿಡಿ.

ಈಗ ಒಡೆತನ. ವಿಮಾನದ ಜೊತೆಗೆ ಬರುವ ರೀಡ್‌ಮಿ ಟಿಪ್ಪಣಿಯಲ್ಲಿ ‘ಫ್ರೀವೇರ್’ ಎಂದು ಇದ್ದರೆ ದುಡ್ಡು ಕೊಡಬೇಕಿಲ್ಲ ಎಂದಷ್ಟೇ ಅರ್ಥ. 1886ರ ಬರ್ನ್ ಒಪ್ಪಂದದ ಪ್ರಕಾರ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಅದು ಕರ್ತೃ ತೀರಿಹೋದ ಮೇಲೂ ಕನಿಷ್ಠ 50 ವರ್ಷ ಉಳಿಯುತ್ತದೆ, ಕೃತಿಯನ್ನು ಮಾರ್ಪಡಿಸುವ ಹಕ್ಕೂ ಕರ್ತೃವಿನದೇ. ವೆಬ್‌ಸೈಟ್ ಮುಚ್ಚಿಹೋಗಿದೆ, ಕರ್ತೃ ಹವ್ಯಾಸ ಬಿಟ್ಟಿದ್ದಾರೆ ಎಂಬುದರಿಂದ ಹಕ್ಕು ಹೋಗುವುದಿಲ್ಲ. ‘ಅಬಾಂಡನ್‌ವೇರ್’ (ಕೈಬಿಟ್ಟ ಸಾಫ್ಟ್‌ವೇರ್) ಎನ್ನುವುದು ಬಳಕೆದಾರರು ಹುಟ್ಟಿಸಿದ ಮಾತು, ಕಾನೂನಿನದ್ದಲ್ಲ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದರೂ ಅದರಲ್ಲಿ ‘ಎನ್‌ಡಿ’ (ನೋ ಡೆರಿವೇಟಿವ್ಸ್) ಅಕ್ಷರಗಳಿದ್ದರೆ ಮಾರ್ಪಡಿಸಿದ್ದನ್ನು ಹಂಚುವಂತಿಲ್ಲ. ಕೊಂಡ ವಿಮಾನವಾದರೆ ಅದರ ಬಳಕೆದಾರ ಒಪ್ಪಂದವನ್ನೇ ಓದಬೇಕು, ಬಿಚ್ಚಿ ನೋಡುವುದಕ್ಕೂ ಅಲ್ಲಿ ತಡೆ ಇರಬಹುದು.

ಹೆಚ್ಚಿನವರು ಎಡವುವುದು ಒಂದು ಜಿಪ್‌ಗೆ ಒಬ್ಬನೇ ಒಡೆಯ ಎಂದುಕೊಂಡು. ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ನೋಡಿ: ಮಾಡೆಲ್ ಒಬ್ಬರದ್ದು, ಟೆಕ್ಸ್‌ಚರ್ ರೀಪೇಂಟ್ (ಬಣ್ಣ ಬದಲಾವಣೆ) ಮಾಡಿದ ಇನ್ನೊಬ್ಬರದ್ದು, ಪ್ಯಾನೆಲ್ ಮತ್ತೊಬ್ಬರಿಂದ ಕೇಳಿ ಪಡೆದದ್ದು, ಹಾರಾಟದ ಗುಣ ಹೇಳುವ ಏರ್ ಫೈಲು ಯಾರೋ ತಿದ್ದಿದ್ದು. ಮಾಡೆಲ್ ಮಾಡಿದವರು ‘ಆಗಲಿ’ ಎಂದರೆ ಆ ಮಾತು ಮಾಡೆಲ್‌ಗೆ ಮಾತ್ರ. ಸೌಂಡ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಬರೀ ‘ಅಲಿಯಾಸ್’ ಸಾಲೊಂದೇ ಇದ್ದರೆ ಆ ವಿಮಾನಕ್ಕೆ ಸ್ವಂತ ಸದ್ದೇ ಇಲ್ಲ, ಸಾಮಾನ್ಯವಾಗಿ ಹಳೇ ಸಿಮ್ ಜೊತೆಗೆ ಬಂದ ಯಾವುದೋ ವಿಮಾನದ್ದನ್ನು ಎರವಲು ಪಡೆದಿದೆ ಎಂದರ್ಥ. ಹೊಸ ಸಿಮ್‌ನಲ್ಲಿ ಆ ಹಳೇ ವಿಮಾನದ ಫೋಲ್ಡರ್ ಇಲ್ಲದ್ದರಿಂದ ಎಂಜಿನ್ ಮೂಕವಾಗುತ್ತದೆ. ಆಗ ಹಳೇ ಸಿಮ್‌ನಿಂದ ಸೌಂಡ್ ಫೈಲುಗಳನ್ನು ಕಾಪಿ ಮಾಡಿ ಪ್ಯಾಕೇಜಿಗೆ ಸೇರಿಸಿ ಹಂಚುವವರಿದ್ದಾರೆ. ಅವು ಮೈಕ್ರೋಸಾಫ್ಟ್‌ನ ಸ್ವತ್ತು, ವಿಮಾನದ ಕರ್ತೃ ಬಯಸಿದರೂ ಅದಕ್ಕೆ ಅನುಮತಿ ಕೊಡಲಾರರು.

ಪತ್ರ ಬರೆಯುವಾಗ ‘ನಿಮ್ಮ ವಿಮಾನ ಬಳಸಬಹುದೇ’ ಎಂದು ಕೇಳಿದರೆ ಬರುವ ‘ಹೂಂ’ ಯಾವುದಕ್ಕೂ ಸಾಲದು. ಜಿಪ್‌ನ ಹೆಸರು, ಆವೃತ್ತಿ, ಯಾವ ಸಿಮ್‌ಗೆ, ಎಲ್ಲಿ ಹಾಕುತ್ತೀರಿ, ಉಚಿತವೋ ಅಲ್ಲವೋ, ಟೆಕ್ಸ್‌ಚರ್ ತಿದ್ದಬಹುದೇ, ಬೇರೆಯವರು ರೀಪೇಂಟ್ ಮಾಡಬಹುದೇ, ಇಷ್ಟನ್ನೂ ಬಿಡಿಬಿಡಿಯಾಗಿ ಕೇಳಿ. ರೀಡ್‌ಮಿಯ ಇಮೇಲ್ ಸತ್ತಿದ್ದರೆ ಹಳೇ ವೆಬ್‌ಪುಟಗಳನ್ನು ಕಾದಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಅವರ ಹಳೇ ಪುಟ ಹುಡುಕಿ, ಹೊಸ ವಿಳಾಸವೋ ವಿವರವಾದ ಷರತ್ತೋ ಅಲ್ಲಿರಬಹುದು. ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವಂತಿಲ್ಲ. ‘ಎರಡು ವಾರದಲ್ಲಿ ಬೇಡ ಎನ್ನದಿದ್ದರೆ ಅಪ್‌ಲೋಡ್ ಮಾಡುತ್ತೇನೆ’ ಎಂದು ಬರೆಯುವುದು ಬರೀ ಉದ್ಧಟತನ.

ಅನುಮತಿ ಸಿಗದಿದ್ದರೂ ಒಂದು ದಾರಿ ಉಳಿದಿರುತ್ತದೆ: ನೀವೇ ಹೊಸದಾಗಿ ಬರೆದ ಫ್ಲೈಟ್ ಮಾಡೆಲ್, ಎಂಜಿನ್, ಕ್ಯಾಮೆರಾ ಕಾನ್ಫಿಗ್ ಫೈಲುಗಳನ್ನೂ ಪರಿವರ್ತನೆಯ ಹಂತಗಳನ್ನೂ ಮಾತ್ರ ಹಂಚುವುದು. ಮೂಲ ಜಿಪ್ಪನ್ನು ಬಳಕೆದಾರರೇ ಅದು ಇರುವಲ್ಲಿಂದ ತಂದುಕೊಳ್ಳುತ್ತಾರೆ. ಹಳೇ ಸಂಖ್ಯೆಗಳನ್ನು ನಕಲು ಮಾಡಿ ‘ನನ್ನದು’ ಎನ್ನಬೇಡಿ, ಅಷ್ಟೇ.

ಅನುಮತಿ ಸಿಕ್ಕರೆ ಆ ಪತ್ರವನ್ನು ಹೆಡರ್ (ಕಳಿಸಿದವರ ವಿಳಾಸ, ದಿನಾಂಕದ ಸಾಲುಗಳು) ಸಮೇತ ಉಳಿಸಿಕೊಳ್ಳಿ, ಹಳೇ ರೀಡ್‌ಮಿಯನ್ನು ಒಂದಕ್ಷರ ಬದಲಿಸದೆ ಪ್ಯಾಕೇಜಿನಲ್ಲಿಡಿ. ಜಿಎಲ್‌ಟಿಎಫ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ‘ಅಸೆಟ್’ ಎಂಬ ಭಾಗ ಸಿಗುತ್ತದೆ. ಅಲ್ಲಿ ‘ಕಾಪಿರೈಟ್’ ಎಂಬ ಸಾಲು ಸೇರಿಸಲು ಆ ಫಾರ್ಮ್ಯಾಟ್‌ನಲ್ಲೇ ಅವಕಾಶವಿದೆ. ಮೂಲ ಕರ್ತೃವಿನ ಹೆಸರು ಅಲ್ಲಿ ಬರಲಿ. ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಕೈಯಾರೆ ಬರೆದ ಸಾಲು ಅಳಿಸಿಹೋಗುವುದರಿಂದ ಇದನ್ನು ಕೊನೆಗೆ ಮಾಡಿ. ಆಮೇಲೆ ಪ್ಯಾಕೇಜಿನ ಫೈಲುಗಳ ಪಟ್ಟಿಯಾದ ಲೇಔಟ್ ಫೈಲನ್ನೂ ಹೊಸದಾಗಿ ತಯಾರಿಸಿ, ಅದರಲ್ಲಿ ಪ್ರತಿ ಫೈಲಿನ ಗಾತ್ರವೂ ದಾಖಲಾಗಿರುತ್ತದೆ.