ಅಂಟಿಕೊಂಡ ಆಕ್ಸೆಂಟ್ ಅಳೆಯಲು ಪ್ರಾಟ್

ಕೆಲವು ವರ್ಷ ಅಮೆರಿಕದಲ್ಲಿದ್ದವರು ‘ಪಾತ್ರೆ’ ಅಂದಾಗ ಪಕಾರಕ್ಕೆ ಉಸಿರು ಸೇರಿ ಮಹಾಪ್ರಾಣದ ಕಡೆ ವಾಲುವುದುಂಟು. ಮನೆಯವರು ಥಟ್ಟನೆ ಹಿಡಿಯುತ್ತಾರೆ, ಆಡಿದವರಿಗೆ ಕೇಳಿಸಿರುವುದಿಲ್ಲ. ಬೇಕೆಂದು ಮಾಡುವ ಅನುಕರಣೆ ಇದಲ್ಲ. ಬ್ರೆಜಿಲ್ ಮತ್ತು ಅಮೆರಿಕದ ನಡುವೆ ಓಡಾಡುತ್ತಿದ್ದ ಒಬ್ಬರ ಪ, ತ ಧ್ವನಿಗಳಲ್ಲಿ ತುಟಿ ಅಥವಾ ನಾಲಿಗೆ ಬಿಟ್ಟ ಮೇಲೆ ಸ್ವರ ಶುರುವಾಗುವವರೆಗಿನ ಅಂತರವನ್ನು ಅಳೆದು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದ್ದ ಊರಿಗೆ ತಕ್ಕಂತೆ ಪೋರ್ಚುಗೀಸ್ ಮತ್ತು ಇಂಗ್ಲಿಷ್ ಎರಡರ ಉಚ್ಚಾರಣೆಯೂ ಸರಿದಿತ್ತು. ಸರಿದದ್ದು ಕೆಲವೇ ಮಿಲಿಸೆಕೆಂಡು. ಅಷ್ಟು ಸಣ್ಣದನ್ನು ಅಳೆಯಲು ಕಿವಿ ಸಾಲದು, ಪ್ರಾಟ್ ಎಂಬ ಧ್ವನಿ ಅಳೆಯುವ ತಂತ್ರಾಂಶ ಸಾಕು.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದ ಈ ತಂತ್ರಾಂಶ ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೆನುಗಳು ಇಂಗ್ಲಿಷಿನಲ್ಲಿವೆ, ನೋಟ ಹಳೆಯ ಕಾಲದ್ದು. ಮೊದಲ ದಿನ ತಡಕಾಡಬೇಕಾದೀತು.

‘ಪಾಲು, ತಾಯಿ, ಕಾಲು’ ಪದಗಳನ್ನು ‘ನಾನು ___ ಅಂದೆ’ ವಾಕ್ಯದಲ್ಲಿಟ್ಟು ತಲಾ ಹತ್ತು ಸಲ ಓದಿಸಿ ರೆಕಾರ್ಡ್ ಮಾಡಿ. ವಾಕ್ಯ ಒಂದೇ ಇದ್ದರೆ ವೇಗ ಹೆಚ್ಚು ಬದಲಾಗದು. ಬೇಗ ಓದಿದರೆ ಅಳೆಯುವ ಅಂತರವೂ ಕುಗ್ಗುತ್ತದೆ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಇಡಿ. ಎದುರಿಗಿಟ್ಟರೆ ಪಕಾರದ ಗಾಳಿ ನೇರ ಬಡಿದು ಸುಳ್ಳು ಏರಿಳಿತ ಮೂಡುತ್ತದೆ. ವಾಟ್ಸಾಪ್ ಧ್ವನಿಸಂದೇಶ ಖಂಡಿತ ಬೇಡ, ಧ್ವನಿಯನ್ನು ಒತ್ತಿ ಕುಗ್ಗಿಸದ ವೇವ್ (.wav) ಕಡತವೇ ಬೇಕು.

‘ವ್ಯೂ ಅಂಡ್ ಎಡಿಟ್’ ತೆರೆದು ಪದದ ಮೊದಲ ಭಾಗ ಆರಿಸಿ, ಕಂಟ್ರೋಲ್-ಎನ್ ಒತ್ತಿ ಹಿಗ್ಗಿಸಿ. ತುಟಿ ಅಥವಾ ನಾಲಿಗೆ ಬಿಟ್ಟ ಕ್ಷಣ ಮೊನೆಯಂಥ ಗೆರೆಯಾಗಿ ಕಾಣುತ್ತದೆ, ಸ್ವಲ್ಪ ಬಲಕ್ಕೆ ಸ್ವರದ ಕ್ರಮಬದ್ಧ ಅಲೆಗಳು ಶುರುವಾಗುತ್ತವೆ. ಇವೆರಡರ ನಡುವಿನ ಅಂತರವೇ ಬೇಕಾದ ಅಳತೆ. ಪರದೆಯಲ್ಲಿ 0.018 ಸೆಕೆಂಡು ಎಂದಿದ್ದರೆ 18 ಮಿಲಿಸೆಕೆಂಡು. ಕನ್ನಡದ ಅಲ್ಪಪ್ರಾಣ ಪಕಾರ ಸಾಮಾನ್ಯವಾಗಿ 30ರೊಳಗೆ ಮುಗಿಯುತ್ತದೆ. ಇಂಗ್ಲಿಷರ ‘ಪೆನ್’ನಲ್ಲಿ 50ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಪಕಾರವನ್ನು ಪಕಾರದೊಂದಿಗೇ ಹೋಲಿಸಿ: ಕಕಾರದ ಅಂತರ ಎಲ್ಲರ ಬಾಯಲ್ಲೂ ಹೆಚ್ಚೇ. ಬ, ದ, ಗಗಳನ್ನೂ ಬಿಡಬೇಡಿ. ಕನ್ನಡದಲ್ಲಿ ತುಟಿ ಅಥವಾ ನಾಲಿಗೆ ಬಿಡುವ ಮುಂಚೆಯೇ ನಾದ ಶುರುವಾಗಿರುತ್ತದೆ. ಆ ಮುನ್ನಾದ ಸವೆದಿದ್ದರೆ ಅದೂ ಇಂಗ್ಲಿಷಿನ ಗುರುತು.

ಸ್ವರಗಳನ್ನು ಅಳೆಯುವಾಗಲೇ ಜನ ಹೆಚ್ಚು ಎಡವುವುದು. ಏಕಾರ ‘ಏಯ್’ ಕಡೆ ಜಾರಿದೆಯೇ ಎಂದು ತಿಳಿಯಲು ಕೆಂಪು ಚುಕ್ಕಿಗಳ ಕೆಳಗಿನಿಂದ ಎರಡನೇ ಸಾಲು, ಅಂದರೆ ಎರಡನೇ ಫಾರ್ಮೆಂಟ್ (ಬಾಯಿಯ ಆಕಾರಕ್ಕೆ ತಕ್ಕಂತೆ ಬದಲಾಗುವ ಅನುರಣನ), ಕೊನೆಗೆ ಮೇಲೇರುತ್ತದೆಯೇ ನೋಡಬೇಕು. ‘ಮೇಜು’ ತಪ್ಪು ಆಯ್ಕೆ, ಜಕಾರವೇ ಆ ಸಾಲನ್ನು ಮೇಲೆಳೆಯುತ್ತದೆ. ‘ಬೇಸರ’ ವಾಸಿ. ಫಾರ್ಮೆಂಟ್‌ಗಳನ್ನು ಹುಡುಕುವ ಮೇಲಿನ ಮಿತಿ ಮೊದಲೇ 5500 ಹರ್ಟ್ಸ್‌ಗೆ ಇರುತ್ತದೆ, ಅದು ಹೆಂಗಸರ ಧ್ವನಿಗೆ. ಗಂಡಸರಿಗೆ 5000 ಮಾಡಿಕೊಳ್ಳಿ. ಮಾಡದಿದ್ದರೆ ಚುಕ್ಕಿಗಳು ಅಡ್ಡಾದಿಡ್ಡಿ ಬಿದ್ದು, ಇಲ್ಲದ ಬದಲಾವಣೆ ಕಾಣಿಸುತ್ತದೆ.

ಉಚ್ಚಾರಣೆ ತಿದ್ದಿಕೊಡುವ ಆ್ಯಪ್ ಹುಡುಕುವವರಿಗೆ ಪ್ರಾಟ್ ಒಗ್ಗದು. ಸರಿ ತಪ್ಪು ಹೇಳುವುದಿಲ್ಲ, ಅಂಕಿ ಕೊಟ್ಟು ಸುಮ್ಮನಾಗುತ್ತದೆ. ವಿದೇಶಕ್ಕೆ ಹೊರಡುವ ಮಗನದೋ ಮಗಳದೋ ಮಾತು ಎತ್ತ ಸರಿಯುತ್ತದೆಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಒಂದು ಎಚ್ಚರ: ಪ್ರಾಟ್‌ನ ರೆಕಾರ್ಡಿಂಗ್ ಕಿಟಕಿಯಲ್ಲಿ ‘ಸೇವ್ ಟು ಲಿಸ್ಟ್’ ಒತ್ತಿದ ಮಾತ್ರಕ್ಕೆ ಧ್ವನಿ ಡಿಸ್ಕ್ ಸೇರುವುದಿಲ್ಲ. ‘ಸೇವ್’ ಮೆನುವಿನಿಂದ ಬೇರೆಯಾಗಿ ಉಳಿಸಿ. ಹೊರಡುವ ಮುಂಚಿನ ರೆಕಾರ್ಡಿಂಗ್ ಕಳೆದರೆ, ಹಿಂತಿರುಗಿದ ಮೇಲೆ ಹೋಲಿಸಲು ಏನೂ ಉಳಿದಿರುವುದಿಲ್ಲ.