ಊರಿಗೆ ಹೋಗುವಾಗ ಮೀನಿಗೆ ಊಟ ಹಾಕಿಸಲು ಹಣ ಕೊಟ್ಟು ಮೋಸಹೋದೆ

ತುಮಕೂರಿನಲ್ಲಿ ಅಕ್ವೇರಿಯಂ ಇಟ್ಟುಕೊಂಡಿರುವವರು ರಜೆಗೆಂದು ಊರು ಬಿಡುವ ಮೊದಲು ದಯವಿಟ್ಟು ಇದನ್ನು ಓದಬೇಕು. "ನೀವು ಆರಾಮಾಗಿ ಹೋಗಿ ಬನ್ನಿ ಸಾರ್, ಮೀನು ನಮ್ಮ ಜವಾಬ್ದಾರಿ" ಎಂದು ಮುಂಗಡ ಕೇಳುವ ಅಂಗಡಿಯವರನ್ನು ನಂಬಿ ನಾನು 1,200 ರೂಪಾಯಿಯನ್ನೂ ಮೂರು ಮೀನುಗಳನ್ನೂ ಕಳೆದುಕೊಂಡಿದ್ದೇನೆ. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ದಸರಾ ರಜೆಯಲ್ಲಿ ಮಗ, ಸೊಸೆ, ಮೊಮ್ಮಗಳೊಂದಿಗೆ ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು ಎಂದು ಎಂಟು ದಿನದ ಪ್ರವಾಸ ಹೊರಟಿದ್ದೆವು. ಮನೆಯಲ್ಲಿ ನೂರು ಲೀಟರಿನ ತೊಟ್ಟಿ, ಅದರಲ್ಲಿ ಮೂರು ವರ್ಷದಿಂದ ಸಾಕಿದ ನಾಲ್ಕು ಗೋಲ್ಡ್ ಫಿಶ್. ಆಹಾರ ಕೊಳ್ಳಲು ಹೋದಾಗ ಅಂಗಡಿಯವರೇ ಮಾತು ತೆಗೆದು, ಹುಡುಗನನ್ನು ದಿನ ಬಿಟ್ಟು ದಿನ ಕಳುಹಿಸುವುದಾಗಿಯೂ, ಒಂದು ಸಲಕ್ಕೆ 300 ರೂಪಾಯಿಯಾಗುವುದಾಗಿಯೂ, ಹೋದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಹಾಕುವುದಾಗಿಯೂ ಹೇಳಿದರು. ನಾನು ಪೂರ್ತಿ ಹಣವನ್ನು ಮೊದಲೇ ಕೊಟ್ಟು, ಬೀಗದ ಕೈಯನ್ನು ಎದುರುಮನೆಯ ಅಜ್ಜಿಯವರ ಬಳಿ ಬಿಟ್ಟು ಹೊರಟೆ. ಪೂರ್ತಿ ಹಣವನ್ನು ಮೊದಲೇ ಕೊಟ್ಟಿದ್ದು ನನ್ನ ತಪ್ಪು, ಒಪ್ಪುತ್ತೇನೆ.

ಭಾನುವಾರ, ಮಂಗಳವಾರ, ಗುರುವಾರ, ಶನಿವಾರ ತಪ್ಪದೆ ಫೋಟೊ ಬಂದವು. ನಾಲ್ಕು ಮೀನುಗಳೂ ತಿಳಿನೀರಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು. ಮೊಮ್ಮಗಳು 'ಕರಿಯ' ಎಂದು ಹೆಸರಿಟ್ಟಿದ್ದ ಕಪ್ಪು ಮೀನನ್ನು ಉಡುಪಿಯ ರಥಬೀದಿಯಲ್ಲಿ ನಿಂತು ಎಲ್ಲರಿಗೂ ತೋರಿಸಿದಳು. ನಾನು ಅಂಗಡಿಯವರಿಗೆ ಕೈಮುಗಿದ ಚಿತ್ರ ಕಳುಹಿಸಿ ಧನ್ಯವಾದ ಹೇಳಿದೆ, ಅದೂ ಎರಡು ಸಲ.

ಶನಿವಾರ ರಾತ್ರಿ ಬಾಗಿಲು ತೆರೆದಾಗ ಮೊದಲು ಬಂದದ್ದು ಕೊಳೆತ ವಾಸನೆ. ನೀರು ಗಂಜಿಯಂತಾಗಿತ್ತು, ಮೂರು ಮೀನುಗಳು ಊದಿಕೊಂಡು ತೇಲುತ್ತಿದ್ದವು, ಕರಿಯ ಮಾತ್ರ ಮೇಲೆ ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿತ್ತು. ಹೆಚ್ಚುಕಡಿಮೆ ತುಂಬಿದ್ದ ಆಹಾರದ ಡಬ್ಬಿ ಅರ್ಧಕ್ಕೆ ಇಳಿದಿತ್ತು, ತಳದ ಕಲ್ಲುಗಳ ಸಂದಿಯಲ್ಲೆಲ್ಲ ಬೂಸ್ಟು ಹಿಡಿದ ಕಾಳುಗಳು ಕೂತಿದ್ದವು.

ಬೆಳಗ್ಗೆ ತಾನೇ ಬಂದ ಫೋಟೊದಲ್ಲಿ ಎಲ್ಲ ಸರಿಯಿತ್ತಲ್ಲ ಎಂದು ನಾನು ಮೊಬೈಲನ್ನು ಹಿಡಿದು ದಿಕ್ಕು ತೋಚದೆ ನಿಂತಿದ್ದಾಗ, ಶಾಲೆಯಲ್ಲಿ ಈಗಷ್ಟೇ ಗಡಿಯಾರ ನೋಡಲು ಕಲಿಯುತ್ತಿರುವ ಮೊಮ್ಮಗಳು, "ತಾತ, ಎಲ್ಲದರಲ್ಲೂ ಹತ್ತೂ ಇಪ್ಪತ್ತೇ ಆಗಿದೆ" ಎಂದಳು. ತೊಟ್ಟಿಯ ಮೇಲಿನ ಗೋಡೆ ಗಡಿಯಾರ ನಾಲ್ಕು ಫೋಟೊಗಳಲ್ಲೂ ಬಿದ್ದಿತ್ತು. ದೊಡ್ಡದು ಮಾಡಿ ನೋಡಿದರೆ ಮೊದಲನೆಯದರಲ್ಲಿ 10:20, ಎರಡನೆಯದರಲ್ಲಿ 10:21, ಉಳಿದೆರಡರಲ್ಲಿ 10:23. ಒಂದೇ ದಿನ, ಮೂರು ನಿಮಿಷದೊಳಗೆ ತೆಗೆದ ಚಿತ್ರಗಳನ್ನು ದಿನ ಬಿಟ್ಟು ದಿನ ಒಂದೊಂದಾಗಿ ಕಳುಹಿಸಿದ್ದರು! ನಾನು ಬ್ಯಾಂಕಿನಲ್ಲಿ 26 ವರ್ಷ ಚೆಕ್ಕಿನ ಸಹಿಗಳನ್ನು ಹೋಲಿಸಿ ನೋಡಿದವನು, ಎಂಟು ವರ್ಷದ ಮಗುವಿಗೆ ಕಂಡದ್ದು ನನಗೆ ಕಾಣಲಿಲ್ಲ. ಎದುರುಮನೆಯ ಅಜ್ಜಿಯವರನ್ನು ಕೇಳಿದರೆ, "ಆ ಹುಡುಗ ಭಾನುವಾರ ಬಂದು ಕಾಲು ಗಂಟೆಯಲ್ಲಿ ಬೀಗದ ಕೈ ಕೊಟ್ಟು ಹೋದ, ಮತ್ತೆ ಬರಲೇ ಇಲ್ಲ, ನಿಮಗೆ ಗೊತ್ತಿದೆ ಅಂದುಕೊಂಡೆ" ಎಂದರು. ನಾಲ್ಕು ಸಲದ ಆಹಾರವನ್ನು ಅವನು ಒಂದೇ ಸಲ ಸುರಿದು ಹೋಗಿದ್ದ.

ಮರುದಿನ ಫೋನ್ ಮಾಡಿದಾಗ ಅಂಗಡಿಯವರು ಕೊಟ್ಟ ಉತ್ತರಗಳನ್ನು ಕೇಳಿ. ಮೊದಲು, ಕರೆಂಟ್ ಹೋಗಿ ಏರ್ ಪಂಪ್ ನಿಂತಿರಬೇಕು ಎಂದರು. ಆಮೇಲೆ, "ತುಮಕೂರು ನೀರಲ್ಲಿ ಫ್ಲೋರೈಡ್ ಜಾಸ್ತಿ ಸಾರ್" ಎಂದರು. ಫ್ಲೋರೈಡಿನ ತೊಂದರೆ ಇರುವುದು ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ. ನಮ್ಮ ನಲ್ಲಿಗೆ ಬರುವುದು ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿದ ಹೇಮಾವತಿ ನೀರು. ಅದನ್ನು ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟ್ಟಿನಲ್ಲಿಟ್ಟು ಹಾಕುತ್ತೇನೆ, ಅದೇ ನೀರಿನಲ್ಲಿ ಈ ಮೀನುಗಳು ಮೂರು ವರ್ಷ ಬದುಕಿದ್ದವು. ಕೊನೆಗೆ ಫೋಟೊಗಳ ವಿಷಯ ಎತ್ತಿದಾಗ ಅವರು ಒಂದು ಕ್ಷಣವೂ ತಡವರಿಸದೆ, "ನಿಮ್ಮ ಗಡಿಯಾರ ನಿಂತಿರಬೇಕು ನೋಡಿ ಸಾರ್" ಎಂದರು. ನಿಂತ ಗಡಿಯಾರ ಮೂರು ನಿಮಿಷ ಹೇಗೆ ನಡೆಯಿತು ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಬದಲಿಗೆ, "ಹೊಸ ಜೋಡಿ ಅರ್ಧ ಬೆಲೆಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು. ಬಾರದ ಮೂರು ಸಲದ 900 ರೂಪಾಯಿಯನ್ನಾದರೂ ಹಿಂದಿರುಗಿಸಿ ಎಂದಾಗ ಫೋನ್ ಇಟ್ಟರು.

ಎಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಆರೋಗ್ಯವಾಗಿರುವ, ಬೆಳೆದ ಗೋಲ್ಡ್ ಫಿಶ್ ಒಂದು ವಾರ ಏನೂ ತಿನ್ನದೆ ಇರಬಲ್ಲದು ಎಂದು ಹಲವು ವರ್ಷಗಳಿಂದ ಮೀನು ಸಾಕುತ್ತಿರುವ ಪರಿಚಯದವರೊಬ್ಬರು ಆಮೇಲೆ ತಿಳಿಸಿದರು. ಹಸಿವಿನಿಂದ ಅಲ್ಲ, ತಿನ್ನದೆ ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯಾ ಏರಿ, ಆಮ್ಲಜನಕ ಇಳಿದು ಮೀನು ಸಾಯುತ್ತವೆಯಂತೆ. ಅಂದರೆ ಯಾರನ್ನೂ ಕರೆಯದೆ, ಹೊರಡುವ ಮುನ್ನ ಕಾಲುಭಾಗ ನೀರು ಬದಲಿಸಿ, ಫಿಲ್ಟರ್ ಓಡುತ್ತಿರುವಂತೆ ನೋಡಿಕೊಂಡು ಬೀಗ ಹಾಕಿ ಹೋಗಿದ್ದರೆ ನಾಲ್ಕೂ ಇರುತ್ತಿದ್ದವು. ಮೀನು ಸಾಯಲೆಂದು ನಾನೇ ದುಡ್ಡು ಕೊಟ್ಟಂತಾಯಿತು.

ಹೆಚ್ಚು ದಿನ ಹೋಗುವುದಿದ್ದರೆ ಒಂದೊಂದು ಸಲದ ಆಹಾರವನ್ನು ಚಿಟಿಕೆಯಷ್ಟೇ ಕಾಗದದಲ್ಲಿ ಪೊಟ್ಟಣ ಕಟ್ಟಿ ನೆರೆಮನೆಯವರಿಗೆ ಕೊಡಿ, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಅಂಗಡಿಯವರಿಗೇ ಒಪ್ಪಿಸುವುದಾದರೆ ನೀವು ಊರಿನಿಂದ ವಾಪಸ್ ಬಂದ ಮೇಲೆ ಹಣ ಕೊಡಿ, ಫೋಟೊ ಬೇಡ, ವಿಡಿಯೊ ಕಾಲ್ ಮಾಡಿಸಿ. ಕರಿಯ ಈಗ ಒಂಟಿಯಾಗಿ ಸುತ್ತುತ್ತಿದೆ. ಅರ್ಧ ಬೆಲೆಯ ಜೋಡಿಯನ್ನು ತರಲು ನಾನು ಹೋಗಿಲ್ಲ.